ಬಜೆಟ್ಟಿನಲ್ಲಿ ಇಲ್ಲದ ಕುಡಿಕೆ

‘ಸಂಬ್ಳದಲ್ಲಿ ಸಂಸಾರನೂ ನಡೀತದೆ, ಓದೂ ಆಯ್ತದೆ ಅಂತೀಯಲ್ಲ, ಆಗಾಕಿಲ್ಲ ಕಣ್ಲಾ.’

ಹೀಗೆಂದವರು ಬಿಂಡಿಗನವಿಲೆಯ ನಮ್ಮ ದೊಡ್ಡಪ್ಪ ಕಾಳೇಗೌಡರು. ನಾನು ಅವ್ವನನ್ನೂ ಹೆಂಡತಿ ಜಯಮ್ಮನನ್ನೂ ಕಟ್ಟಿಕೊಂಡು ಶ್ರೀರಂಗಪಟ್ಟಣದಲ್ಲಿ ಮನೆ ಹಿಡಿಯಲು ಹೊರಟ ದಿನ, ಜಗುಲಿಯ ಮೇಲೆ ಕೂತು, ಇಡೀ ಬೀದಿಗೆ ಕೇಳುವ ಹಾಗೆ ಅಂದರು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಹಗಲು ಮೈಸೂರಿನಲ್ಲಿ ಗುಮಾಸ್ತಗಿರಿ, ಸಂಜೆ ಅಲ್ಲೇ ಕಾಲೇಜು, ಬಿ.ಎ. ಮೈಸೂರಿನ ಬಾಡಿಗೆ ಕೇಳಿದರೆ ಓದುವ ಆಸೆಯೇ ಬತ್ತಿಹೋಗುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಅಗ್ಗ, ರೈಲಿಗೆ ಸೀಸನ್ ಟಿಕೆಟ್ಟು. ನಾನೂ ಒಂದು ಬಜೆಟ್ ಮಾಡಿದೆ. (ದಿಲ್ಲಿಯವರೇ ಮಾಡಬೇಕೆಂದು ಎಲ್ಲಿದೆ?) ಬಾಡಿಗೆ, ಅಕ್ಕಿ, ಸೌದೆ, ಸೀಮೆಎಣ್ಣೆ, ಕಾಲೇಜಿನ ಫೀಜು. ಕೊನೆಯಲ್ಲಿ ಸ್ವಲ್ಪ ಉಳಿಯಿತು ಕೂಡ. ಹೆಮ್ಮೆಯಿಂದ ಜಯಮ್ಮನಿಗೆ ಓದಿ ಹೇಳಿದೆ.

‘ಕಾಫಿಪುಡಿ ಎಲ್ಲಿ?’ ಎಂದಳು.

ಅದನ್ನೂ ಸೇರಿಸಿದೆ. ಸೇರಿಸದೆ ಬಿಟ್ಟದ್ದು ಒಂದೇ. ಕಾವೇರಿ.

ನಮ್ಮ ಕಡೆಯವರು ಅಸ್ಥಿ ಬಿಡಲು ಬರುವುದು ಶ್ರೀರಂಗಪಟ್ಟಣದ ಹೊಳೆಗೆ. ನಾಗಮಂಗಲದ ಬಸ್ಸು ಸಾಯಂಕಾಲ ತಂದು ಇಳಿಸುತ್ತದೆ, ಶಾಸ್ತ್ರ ಬೆಳಿಗ್ಗೆ. ನಡುವೆ ಎಲ್ಲಿ ಉಳಿಯಬೇಕು? ಮೊದಲು ಛತ್ರದಲ್ಲಿ ಉಳಿಯುತ್ತಿದ್ದರು. ಈಗ ನಾವು ಇದ್ದೆವಲ್ಲ.

ಮನೆಗೆ ಕಾಲಿಟ್ಟ ತಿಂಗಳೇ ಮೊದಲ ಕುಡಿಕೆ ಬಂತು. ಯಾವುದೋ ಅತ್ತೆಯದು. ಜೊತೆಗೆ ಒಂದು ಬಸ್ಸಿನ ಅರ್ಧ ಜನ. ಅಸ್ಥಿಯ ಕುಡಿಕೆಯನ್ನು ಮನೆಯೊಳಗೆ ತರುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ಬಟ್ಟೆಯಲ್ಲಿ ಕಟ್ಟಿ ಮನೆ ಮುಂದಿನ ನುಗ್ಗೆಮರಕ್ಕೆ ನೇತುಹಾಕಿದರು. ಒಳಗೆ ಬಂದು ಊಟಕ್ಕೆ ಕೂತರು. ಆಮೇಲೆ ಇದೇ ಕ್ರಮವಾಯಿತು. ಸತ್ತವರು ಯಾರೇ ಆಗಿರಲಿ, ದಾರಿ ಗೊತ್ತಿದ್ದವರೆಂದು ದೊಡ್ಡಪ್ಪ ಜೊತೆಗೆ ಬರುತ್ತಿದ್ದರು. ಮುದ್ದೆ ಮುರಿಯುತ್ತಾ ಕೇಳುತ್ತಿದ್ದರು: ‘ಎಂಗ್ಲಾ ನಿನ್ ಓದು? ನಡೀತಾ ಅದಾ?’

ನಡೆಯುತ್ತಿರಲಿಲ್ಲ. ಪರೀಕ್ಷೆಯ ಫೀಜು ಸಾರಿನಲ್ಲಿ ಕರಗುತ್ತಿತ್ತು.

‘ಇನ್ನು ಮೇಲೆ ಛತ್ರಕ್ಕೆ ಹೋಗಲಿ’ ಎಂದೆ, ಅವ್ವನ ಹತ್ತಿರ.

‘ಸಾವಾದ ಮನೆಯೋರ್ಗೆ ಬಾಗ್ಲು ಆಕ್ತೀಯೇನ್ಲಾ?’ ಎಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು.

ಅಷ್ಟರಲ್ಲಿ ಮನೆ ಮಾಲೀಕರು ಬಂದರು. ಮೆದು ಮಾತಿನ ಮನುಷ್ಯ.

‘ಏನ್ರೀ, ನಮ್ಮ ನುಗ್ಗೆಮರ ಕಾಯಿ ಬಿಡೋದು ಬಿಟ್ಟು ಕುಡಿಕೆ ಬಿಡ್ತಾ ಇದೆಯಲ್ಲ? ಬೇರೆ ಮನೆ ನೋಡ್ಕೊಳ್ಳಿ.’

ಬೇರೆ ಮನೆ ಎಂದರೆ ಹೊಸ ಅಡ್ವಾನ್ಸು. ಅಡ್ವಾನ್ಸು ಕೊಟ್ಟರೆ ಫೀಜಿಲ್ಲ. ಫೀಜಿಲ್ಲದಿದ್ದರೆ ದೊಡ್ಡಪ್ಪನ ಮಾತು ಗೆದ್ದಿತು. ನಾನು ಪುಸ್ತಕ ಮುಚ್ಚಿಟ್ಟು ಕೂತೆ.

ಅವ್ವ ಕೂರಲಿಲ್ಲ. ಆ ಸಲ ಅಸ್ಥಿ ಬಿಡಲು ಬಂದವರು ಊರಿಗೆ ಹೊರಟಾಗ ಬಾಗಿಲಲ್ಲಿ ನಿಂತು, ಎಲ್ಲರಿಗೂ ಸೇರಿಸಿ ಒಂದು ಮಾತು ಹೇಳಿ ಕಳಿಸಿದಳು.

‘ಊರಲ್ಲಿ ಎಲ್ರಿಗೂ ಏಳ್ಬುಡಿ. ಅಸ್ತಿ ತರೋರು ಅಸಿಟ್ಟೂ ತರ್ಬೇಕು.’

ಜಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದಳು. ನನಗೆ ನಾಚಿಕೆಯಾಯಿತು. ಊರಿನವರಿಗೆ ಆಯಿತೇ? ಇಲ್ಲ. ಅವರು ಅದನ್ನು ಶಾಸ್ತ್ರದ ಒಂದು ಭಾಗವೆಂದೇ ತಿಳಿದರು. ಮುಂದಿನ ಕುಡಿಕೆಯ ಹಿಂದೆಯೇ ರಾಗಿಹಿಟ್ಟಿನ ಚೀಲ ಬಂತು. ಅದರ ಮುಂದಿನದರ ಹಿಂದೆ ಹುರುಳಿ, ತೆಂಗಿನಕಾಯಿ. ಕಾಯಿಯಲ್ಲಿ ಒಂದು ಪಾಲು ಮಾಲೀಕರ ಮನೆಗೆ ಹೋಯಿತು. ಆಮೇಲೆ ಅವರ ಕಣ್ಣಿಗೆ ನುಗ್ಗೆಮರ ಬೀಳುವುದೇ ನಿಂತಿತು. ನಾನು ಪರೀಕ್ಷೆಗೆ ಕಟ್ಟಿದೆ.

ಅರ್ಥಶಾಸ್ತ್ರ ಓದಿದವನು ನಾನು. ಬಜೆಟ್ ಸರಿಮಾಡಿದವಳು ಅವ್ವ.

ಈಗ ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ಮೈಸೂರಿನ ಕೆಲಸ ನಂಬಿಕೊಂಡು ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ಸಂಸಾರ ತರುವವರು ಹೆಚ್ಚುತ್ತಿದ್ದಾರೆ. ಬಾಡಿಗೆ ಎಷ್ಟು, ರೈಲಿನ ಪಾಸು ಎಷ್ಟು ಎಂದು ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಮನೆ ಮುಂದೆ ಮರ ಇದೆಯೇ?

ಹೋದ ವಾರ ಮೈಸೂರಿನಲ್ಲಿ ಘಟಿಕೋತ್ಸವ. ನಮ್ಮ ಮನೆತನದಲ್ಲಿ ಗೌನು ತೊಟ್ಟ ಮೊದಲನೆಯವನು ನಾನು. (ಗೌನು ಬಾಡಿಗೆಯದು. ಹೆಮ್ಮೆ ಸ್ವಂತದ್ದು.) ಸರ್ಟಿಫಿಕೇಟು ಹಿಡಿದು ಮನೆಗೆ ಬಂದರೆ, ನುಗ್ಗೆಮರದಲ್ಲಿ ಕುಡಿಕೆ, ಜಗುಲಿಯ ಮೇಲೆ ದೊಡ್ಡಪ್ಪ. ಒಳ್ಳೆಯದೇ ಆಯಿತೆಂದು ಸರ್ಟಿಫಿಕೇಟನ್ನು ನೇರವಾಗಿ ಅವರ ಕೈಗೇ ಕೊಟ್ಟೆ.

ಅವರು ಟವಲಿನಿಂದ ಕೈ ಒರೆಸಿಕೊಂಡು ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಇದ್ರಿಂದ ಸಂಬ್ಳ ಎಚ್ಚಾಯ್ತದಾ?’

‘ಆಗುತ್ತೆ ದೊಡ್ಡಪ್ಪ.’

‘ಅಂಗಾದ್ರೆ ಮೈಸೂರ್ಗೇ ಒಂಟೋಯ್ತೀಯಾ?’

‘ಹೋಗೋಣ ಅಂತಿದೀನಿ.’

ದೊಡ್ಡಪ್ಪ ಸರ್ಟಿಫಿಕೇಟು ವಾಪಸು ಕೊಟ್ಟರು. ನುಗ್ಗೆಮರದ ಕಡೆ ನೋಡಿದರು.

‘ಈ ಮನೆ ಬುಡಬ್ಯಾಡ ಕಣ್ಲಾ. ನಾನೂ ಒಂದಿನ ಬರ್ಬೇಕಲ್ಲ.’