ಅಂಗೈಯಷ್ಟು ದೊಡ್ಡ ಅಕ್ಷರ

ಕಪಾಟಿನ ಕೆಳಗಿನ ಖಾನೆಯಿಂದ ಹಳೆಯ ನಕಲು ಪ್ರತಿಗಳ ಕಟ್ಟುಗಳನ್ನು ತೆಗೆದು ಬಿಸಿಲಿಗೆ ಹಾಕುತ್ತಿದ್ದಾಗ ಒಂದು ಸಿ.ಡಿ. ಕೆಳಗೆ ಬಿತ್ತು. ಮೇಲೆ ನೀಲಿ ಮಾರ್ಕರಿನಲ್ಲಿ ನನ್ನದೇ ಕೈಬರಹ: ‘ಅಕ್ಕೋರ ಕಡತಗಳು’. ಹಿಂಬದಿಗೆ ಬೂಷ್ಟು ಹಿಡಿದಿತ್ತು. ಹೊನ್ನಾವರದ ಹವೆಗೆ ಬೂಷ್ಟು ಹಿಡಿಯದ ವಸ್ತು ಕಡಿಮೆ. ಒರೆಸಲು ಪಂಚೆಯ ತುದಿಯನ್ನು ಹಿಡಿದವನು ಹಾಗೇ ಕೂತುಬಿಟ್ಟೆ.

ನಾನು ದಸ್ತಾವೇಜು ಬರೆಯುವವನು. ಕ್ರಯಪತ್ರ, ಪಾಲುಪಟ್ಟಿ, ಮೃತ್ಯುಪತ್ರ ಯಾವುದೇ ಇರಲಿ, ಕಕ್ಷಿಗಾರರು ಹೇಳಿದ್ದನ್ನು ಕೇಳಿಕೊಂಡು ಕರಡನ್ನು ಕೈಯಲ್ಲಿ ಬರೆಯುತ್ತೇನೆ. ಆಗ ಅದನ್ನು ಟೈಪು ಮಾಡುತ್ತಿದ್ದವರು ಅಕ್ಕೋರು. ಕೋರ್ಟಿನ ಎದುರಿನ ಓಣಿಯಲ್ಲಿ ನಮ್ಮಿಬ್ಬರದೂ ಒಂದೇ ಕೋಣೆ. ಬಾಗಿಲ ಹತ್ತಿರ ನನ್ನ ಮೇಜು, ಒಳಗೆ ಗೋಡೆಗೆ ಮುಖ ಮಾಡಿ ಅವರ ಮೇಜು. ಮೊದಲು ಅವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ತಾಲೂಕಿನ ಕಚೇರಿಗಳಲ್ಲಿ ಕೂತ ಅರ್ಧದಷ್ಟು ಗುಮಾಸ್ತರು ಅವರ ಹತ್ತಿರ ಕಲಿತವರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ, ಆದ್ದರಿಂದ ಎಲ್ಲರಿಗೂ ಅವರು ಅಕ್ಕೋರೇ. ಅವರಿಗಿಂತ ಎಂಟೇ ವರ್ಷ ಚಿಕ್ಕವನಾದ ನನಗೂ.

ಎರಡು ಸಾವಿರದ ಐದರ ಹೊತ್ತಿಗೆ ಅವರು ಹಳೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಕೊಂಡರು. ಪರದೆಯ ಮೇಲೆ ಕೆಡಿಇ ಅಂತ ಬರುತ್ತಿತ್ತು. ಯಾಕೆ ಬದಲಾಯಿಸಿದಿರಿ ಎಂದು ಕೇಳಿದ್ದಕ್ಕೆ, “ಕೋರ್ಟಿನ ಎದುರು ಕೂತ್ಕಂಡು ಕದ್ದ ಸಾಫ್ಟ್‌ವೇರ್ ಇಟ್ಕಳೂದು ಚಂದ ಅಲ್ಲ ಮಾರಾಯ್ರೆ” ಎಂದರು. ಅದು ನ್ಯಾಯವಾಗಿಯೇ ಕಂಡಿತು. ಟೈಪು ಮಾಡಲು ಓಪನ್ ಆಫೀಸ್, ಚೀಟಿ ಬರೆದಿಡಲು ಕೆರೈಟ್, ಸ್ಕ್ಯಾನ್ ಮಾಡಲು ಕೂಕಾ, ಸಿ.ಡಿ. ಬರೆಯಲು ಕೆ3ಬಿ ಎಂದು ಒಂದೊಂದಾಗಿ ನನಗೆ ತೋರಿಸಿದರು.

“ಅಕ್ಕೋರೇ, ಮುಕ್ಕಾಲುಪಾಲು ಕ-ದಿಂದಲೇ ಶುರು. ಒಂದನೇ ಈಯತ್ತೆ ಪಾಠ ಆತಲ್ಲ ಇದು” ಎಂದು ನಾನು ನಕ್ಕೆ.

“ನಿಮ್ಮ ಕೈಬರಹಕ್ಕೆ ಒಂದನೇ ಈಯತ್ತೆಯೇ ಬೇಕು” ಎಂದರು.

ಒತ್ತಕ್ಷರಗಳು ಆಗೀಗ ಜಾರಿ ಪಕ್ಕದ ಅಕ್ಷರದ ಮೇಲೆ ಕೂರುತ್ತಿದ್ದವು. ಅದನ್ನು ಬಿಟ್ಟರೆ ಕೆಲಸ ಮೊದಲಿಗಿಂತ ಚೊಕ್ಕಟವಾಗಿಯೇ ನಡೆಯಿತು. ಒಂದು ಹೊಸ ಪದ್ಧತಿ ಮಾತ್ರ ನನಗೆ ವಿಚಿತ್ರವಾಗಿ ಕಂಡಿತು. ನಾನು ಕೊಟ್ಟ ಕರಡನ್ನು ಅವರು ಮೊದಲಿನಂತೆ ಪಕ್ಕದಲ್ಲಿಟ್ಟು ಟೈಪು ಮಾಡುತ್ತಿರಲಿಲ್ಲ. ಮೊದಲು ಸ್ಕ್ಯಾನರಿನಲ್ಲಿಟ್ಟು ಅದರ ಚಿತ್ರ ತೆಗೆದು, ಆಮೇಲೆ ಕಾಗದವನ್ನು ನನಗೆ ವಾಪಸು ಕೊಡುತ್ತಿದ್ದರು. ಕಾಗದ ಕೊಳೆಯಾಗಬಾರದಲ್ಲ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಹೊರಟವನು ಕೊಡೆ ಮರೆತು ತಿರುಗಿ ಬಂದೆ. ಅವರು ಬೆನ್ನು ಹಾಕಿ ಕೂತಿದ್ದರು. ಪರದೆಯ ತುಂಬ ಒಂದೇ ಒಂದು ಅಕ್ಷರ, ಅಂಗೈಯಷ್ಟು ದೊಡ್ಡದು. ಅದು ನನ್ನ ಕೈಬರಹದ ‘ಕ್ಷ’. ಅಂಚುಗಳಲ್ಲಿ ಶಾಯಿ ಹರಡಿದ್ದು ಕೂಡ ಕಾಣುತ್ತಿತ್ತು. ಅವರು ಮೌಸನ್ನು ನಿಧಾನಕ್ಕೆ ಸರಿಸಿದರು. ಅಕ್ಷರ ಎಡಕ್ಕೆ ಹೋಗಿ ಇನ್ನೊಂದು ಬಂತು. ಮುಖ ಪರದೆಯಿಂದ ಒಂದು ಗೇಣು ದೂರದಲ್ಲಿತ್ತು. ಕೆಡಿಇಯ ಜೊತೆಗೆ ಬರುವ ಕೆಮ್ಯಾಗ್ ಎಂಬ ಭೂತಗನ್ನಡಿ ಅದು ಎಂದು ನನಗೆ ಗೊತ್ತಾದದ್ದು ಆಮೇಲೆ. ಎಲ್ಲವನ್ನೂ ತೋರಿಸಿಕೊಟ್ಟವರು ಅದೊಂದನ್ನು ತೋರಿಸಿರಲಿಲ್ಲ.

ನನ್ನ ಹೆಜ್ಜೆ ಕೇಳಿ ಅವರು ತಟ್ಟನೆ ಅದನ್ನು ಮುಚ್ಚಿದರು. “ಎಂತಾ? ಊಟಕ್ಕೆ ಹೋಗಿಲ್ವ?”

“ಕೊಡೆ” ಎಂದೆ. ತೆಗೆದುಕೊಂಡು ಹೊರಟುಹೋದೆ.

ಅಂದಿನಿಂದ ನಾನು ನೋಡತೊಡಗಿದೆ. ಯಾರಾದರೂ ಕಾಗದ ಚಾಚಿದರೆ ಅವರ ಕೈ ಒಂದು ಕ್ಷಣ ತಡವಾಗಿ ಏಳುತ್ತಿತ್ತು. ಒಳಗೆ ಬಂದವರು ಮಾತಾಡುವವರೆಗೆ ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೀಲಿಮಣೆಯನ್ನು ಅವರು ಎಂದೂ ನೋಡಿದವರಲ್ಲ, ಬೆರಳುಗಳಿಗೆ ಏನೂ ಆಗಿರಲಿಲ್ಲ. ಆದರೆ ಓಣಿಯಲ್ಲಿ ಇನ್ನೂ ಮೂರು ಟೈಪಿಂಗ್ ಅಂಗಡಿಗಳಿದ್ದವು. ಕಣ್ಣು ಸರಿಯಿಲ್ಲದವರ ಹತ್ತಿರ ಜಾಗದ ಪತ್ರ ಕೊಡುವ ಕಕ್ಷಿಗಾರ ಎಲ್ಲಿದ್ದಾನೆ? ವಿಷಯ ಹೊರಗೆ ಬಿದ್ದ ದಿನ ಅವರ ಮೇಜು ಖಾಲಿ. ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು, ಆ ಮೇಜಿನಿಂದಲೇ ಅವರ ಜೀವನ.

ನಾನು ಏನೂ ಹೇಳಲಿಲ್ಲ. ಕರಡನ್ನು ಸ್ವಲ್ಪ ದೊಡ್ಡದಾಗಿ ಬರೆಯತೊಡಗಿದೆ. ನೀಲಿ ಬಿಟ್ಟು ಕಪ್ಪು ಪೆನ್ನು ಹಿಡಿದೆ. ಸಾಲುಗಳ ನಡುವೆ ಒಂದು ಸಾಲಿನ ಜಾಗ ಬಿಟ್ಟೆ. ಟೈಪಾಗಿ ಬಂದದ್ದನ್ನು ಮೂರು ಸಲ ಓದುತ್ತಿದ್ದೆ. ಒಂದು ವರ್ಷ ಹೀಗೆ ಹೋಯಿತು. ಆ ವರ್ಷದಲ್ಲಿ ಅವರ ಟೈಪಿನಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ. ಆದರೂ ಪ್ರತಿ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದಾಗ ಅದು ನೋಂದಣಿಯಾಗಿ ಬರುವವರೆಗೆ ನಾನು ಓಣಿಯ ತುದಿಯಲ್ಲೇ ನಿಂತಿರುತ್ತಿದ್ದೆ.

ಹೀಗಿರುವಾಗ ಹೊಳೆಯಂಚಿನ ಒಂದು ಕೇರಿಯ ಜಾಗದ ಕ್ರಯಪತ್ರ ಬಂತು. ಯಾವ ಜಾಗದ ಪತ್ರದಲ್ಲಾದರೂ ಚಕ್ಕುಬಂದಿ ಬರೆಯಬೇಕು, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂದು. ಮಾರುವ ಮುದುಕ “ನೀರಿನ ಬದಿಗೆ ದಾರಿ, ಗುಡ್ಡೆ ಬದಿಗೆ ಅಣ್ಣನ ಹಿತ್ಲು” ಎಂದು ಹೇಳುತ್ತ ಹೋದ. ನಮ್ಮ ಕಡೆಯವರು ಪೂರ್ವ, ಪಶ್ಚಿಮ ಎನ್ನುವುದು ಕಡಿಮೆ. ನಾನು ಅದಕ್ಕೆ ದಿಕ್ಕು ಹಾಕಿ ಬರೆದುಕೊಂಡೆ. ಓದಿ ಹೇಳಿದಾಗ ಮಾರುವವನೂ ಕೊಳ್ಳುವವನೂ ಹೌದು ಹೌದು ಎಂದು ತಲೆಯಾಡಿಸಿದರು. ಅಕ್ಕೋರು ಟೈಪು ಮಾಡಿದರು, ನಾನು ಮೂರು ಸಲ ಓದಿದೆ, ನೋಂದಣಿಯೂ ಆಯಿತು. ಎಂದಿನಂತೆ ಕರಡನ್ನು ಹರಿದು ಹಾಕಿದೆ.

ಎರಡು ತಿಂಗಳ ಮೇಲೆ ಕೊಂಡವನು ಆ ಪತ್ರವನ್ನು ಹಿಡಿದುಕೊಂಡು ಬಂದ. ಮನೆ ಕಟ್ಟಲು ಪಂಚಾಯತಕ್ಕೆ ಅರ್ಜಿ ಕೊಟ್ಟಿದ್ದ. ಪತ್ರದಲ್ಲಿ ದಾರಿ ಪಶ್ಚಿಮಕ್ಕಿದೆ, ಜಾಗದಲ್ಲಿ ಪೂರ್ವಕ್ಕಿದೆ ಎಂದು ಅರ್ಜಿಯನ್ನು ವಾಪಸು ಕಳಿಸಿದ್ದರು. ಕೋಣೆಯಲ್ಲಿ ಇಬ್ಬರು ವಕೀಲರ ಗುಮಾಸ್ತರಿದ್ದರು, ಬಾಗಿಲಲ್ಲಿ ನಾಲ್ಕೈದು ಜನ ಕಕ್ಷಿಗಾರರಿದ್ದರು.

“ಎಂತ ಬರ್ದಿಟ್ಟಿದ್ರಿ ಇದು? ದಿಕ್ಕು ಗೊತ್ತಿಲ್ದಿದ್ರೆ ಲೈಸನ್ಸ್ ಎಂತಕ್ಕೆ ಇಟ್ಕಂಡಿದ್ರಿ? ನಾ ಕಂಪ್ಲೇಂಟ್ ಕೊಡ್ತೆ!”

ಒಂದು ವರ್ಷದಿಂದ ಕಾಯುತ್ತಿದ್ದುದು ಬಂತು ಎಂದುಕೊಂಡೆ. ಪೂರ್ವದ ಸಾಲು, ಪಶ್ಚಿಮದ ಸಾಲು ಒಂದರ ಕೆಳಗೊಂದು ಇರುತ್ತವೆ. ಆ ಭೂತಗನ್ನಡಿಯಲ್ಲಿ ಒಂದು ಸಲಕ್ಕೆ ಅರ್ಧ ಸಾಲೂ ಕಾಣುವುದಿಲ್ಲ. ಅದಲುಬದಲಾಗಿದೆ… ಇಷ್ಟನ್ನು ಯೋಚಿಸುವಷ್ಟರಲ್ಲಿ ನನ್ನ ಬಾಯಿ ಆಡಿಬಿಟ್ಟಿತ್ತು.

“ನನ್ನ ಕರಡು ಸರಿ ಇತ್ತು. ಟೈಪಿನಲ್ಲಿ ಹಂಗಾಗಿದೆ. ಅವರಿಗೆ ಕಣ್ಣು ಕಾಣೂದಿಲ್ಲ.”

ಅಕ್ಕೋರ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅವರು ತಿರುಗಿದರು, ನನ್ನ ಮುಖ ನೋಡಿ ಅಲ್ಲ, ದನಿ ಬಂದ ಕಡೆಗೆ. “ಆತು. ತಿದ್ದುಪಡಿ ಪತ್ರ ಮಾಡಿಕೊಡಿ ಅವ್ರಿಗೆ” ಎಂದರು. ಕಂಪ್ಯೂಟರನ್ನು ಕ್ರಮಪ್ರಕಾರ ಮುಚ್ಚಿದರು. ಅದಕ್ಕೆ ಬಟ್ಟೆ ಹೊದಿಸಿದರು. ಚೀಲ ತೆಗೆದುಕೊಂಡು, ಎಡಗೈಯಿಂದ ಗೋಡೆ ಸವರುತ್ತ ಹೊರಗೆ ಹೋದರು. ಅಲ್ಲಿಯವರೆಗೆ ನಾನು ಅವರು ಗೋಡೆ ಸವರಿದ್ದನ್ನು ಕಂಡಿರಲಿಲ್ಲ.

ಮರುದಿನ ಅವರು ಬರಲಿಲ್ಲ. ತಿದ್ದುಪಡಿ ಪತ್ರವನ್ನು ಪಕ್ಕದ ಅಂಗಡಿಯಲ್ಲಿ ಟೈಪು ಮಾಡಿಸಿದೆ. ತಿಂಗಳು ಕಳೆದ ಮೇಲೆ ಅಕ್ಕೋರು ಕುಮಟೆಯಲ್ಲಿದ್ದ ತಮ್ಮ ತಂಗಿಯ ಮನೆಯಿಂದ ಫೋನು ಮಾಡಿ, ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡಿ, ಅದರೊಳಗಿನ ಜನರ ಕಾಗದಪತ್ರಗಳನ್ನು ಮಾತ್ರ ಮೊದಲು ಸಿ.ಡಿ.ಗೆ ತೆಗೆದಿಡಿ ಎಂದರು.

ನಾನು ಅವರ ಕುರ್ಚಿಯಲ್ಲಿ ಕೂತೆ. ಕೆ3ಬಿ ತೆರೆದು, ಅವರು ತೋರಿಸಿಕೊಟ್ಟಿದ್ದ ಹಾಗೆಯೇ ಕಡತಗಳನ್ನು ಎಳೆದು ಹಾಕುತ್ತ ಹೋದೆ. ಕೂಕಾದ ಚಿತ್ರಗಳಿಗೆ ಬಂದಾಗ ನಿಂತೆ. ಅವರು ಒಂದನ್ನೂ ಅಳಿಸಿರಲಿಲ್ಲ. ಒಂದು ವರ್ಷದ ನನ್ನ ಕರಡುಗಳೆಲ್ಲ ತಾರೀಖಿನ ಪ್ರಕಾರ ಇದ್ದವು. ಹೊಳೆಯಂಚಿನ ಜಾಗದ್ದನ್ನು ತೆರೆದೆ. ಕಪ್ಪು ಶಾಯಿ, ದೊಡ್ಡ ಅಕ್ಷರ, ನನ್ನದೇ ಕೈ. ‘ಪಶ್ಚಿಮಕ್ಕೆ: ದಾರಿ’.

ಅಕ್ಕೋರು ನಾನು ಬರೆದದ್ದನ್ನೇ ಟೈಪು ಮಾಡಿದ್ದರು. ನಾನು ಕಡಲಂಚಿನ ಹಳ್ಳಿಯವನು. ನನಗೆ ನೀರು ಅಂದರೆ ಪಡುವಣ, ಕೈ ತಾನಾಗಿಯೇ ಹಾಗೆ ಬರೆಯುತ್ತದೆ. ಆ ಕೇರಿಯಲ್ಲಿ ಹೊಳೆ ಬಳಸಿ ಹೋಗುವುದರಿಂದ ನೀರು ಇರುವುದು ಮೂಡಣಕ್ಕೆ. ಮುದುಕ ನೀರಿನ ಬದಿ ಎಂದದ್ದೂ ಸರಿಯೇ.

ಮರುದಿನ ಮೊದಲ ಬಸ್ಸಿಗೆ ಕುಮಟೆಗೆ ಹೋದೆ. ಅಕ್ಕೋರು ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ನಿಂತೇ ಹೇಳಿದೆ. “ಅಕ್ಕೋರೇ, ತಪ್ಪು ನನ್ನದು. ಕರಡಿನಲ್ಲೇ ಪಶ್ಚಿಮ ಅಂತ ಇದೆ.”

“ಗೊತ್ತು” ಎಂದರು. “ಕೂತ್ಕಳಿ. ಟೈಪು ಮಾಡೂವಾಗಲೇ ಸಂಶಯ ಬಂದಿತ್ತು. ಆ ಕೇರಿಯಲ್ಲಿ ನಮ್ಮ ದೊಡ್ಡಮ್ಮನ ಮನೆ ಇತ್ತು. ಕೇಳ್ವ ಅಂತ ಮಾಡ್ದೆ.”

“ಕೇಳ್ಬೇಕಿತ್ತಲ್ಲ!”

“ಆ ವಾರ ಮೂರು ಸಲ ಕೇಳಾಗಿತ್ತು ನಿಮ್ಮ ಹತ್ರ, ಇದೆಂತ ಬರ್ದದ್ದು ಅಂತ. ಮತ್ತೂ ಕೇಳಿದ್ರೆ ಕಣ್ಣಿನ ವಿಷಯ ನಿಮಗೆ ಗೊತ್ತಾಗ್ತದೆ ಅಂತ ಸುಮ್ನಿದ್ದೆ.”

“ನಂಗೆ ಒಂದು ವರ್ಷದಿಂದ ಗೊತ್ತಿತ್ತು. ಅದಕ್ಕೇ ಅಲ್ವ ದೊಡ್ಡ ಅಕ್ಷರ ಬರೀತಿದ್ದದ್ದು?”

ಅವರ ಕೈ ನಿಂತಿತು. “ಹೌದನಾ? ನಾ ನಿಮಗೇ ಚಾಳೀಸು ಬಂತು ಅಂದ್ಕಂಡಿದ್ದೆ” ಎಂದರು. ಇಬ್ಬರೂ ನಕ್ಕೆವು. ನಗುವುದನ್ನು ಹೇಗೆ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

“ಮತ್ತೆ ಆ ದಿನ ಯಾಕೆ ಸುಮ್ಮನೆ ಎದ್ದು ಹೋದಿರಿ?”

“ನೀವು ಹೇಳಿದ್ದು ಸುಳ್ಳಲ್ಲವಲ್ಲ.”

“ವಾಪಸು ಬನ್ನಿ. ತಪ್ಪು ನನ್ನದು ಅಂತ ಎಲ್ಲರ ಹತ್ರ ಹೇಳ್ತೆ.”

“ಅದನ್ನ ಹೇಳ್ಬಹುದು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ನಂಗೆ ಕಣ್ಣು ಕಾಣ್ತದೆ ಅಂತ ಹೇಳೂಕೆ ಬತ್ತದಾ ನಿಮಗೆ?”

ನಾನು ಹೇಳಬೇಕಾದವರಿಗೆಲ್ಲ ಹೇಳಿದೆ. ಕೊಂಡವನ ಹತ್ತಿರ, ಅಂದು ಕೋಣೆಯಲ್ಲಿದ್ದ ಗುಮಾಸ್ತರ ಹತ್ತಿರ, ಓಣಿಯ ಅಂಗಡಿಗಳಲ್ಲಿ. ಎಲ್ಲರೂ “ಹೌದೇ, ಪಾಪ” ಎಂದರು. ಆಮೇಲೆ “ಆದ್ರೂ ಕಣ್ಣು ಹೋಗಿತ್ತಲ್ಲ” ಎಂದರು. ಅಕ್ಕೋರು ಮತ್ತೆ ಎಲ್ಲೂ ಟೈಪಿಗೆ ಕೂರಲಿಲ್ಲ.

ಅವರು ತೀರಿಕೊಂಡು ಈಗ ನಾಲ್ಕು ವರ್ಷ. ನನಗೆ ಸುದ್ದಿ ತಲುಪುವಾಗ ಹನ್ನೊಂದು ದಿನ ಕಳೆದಿತ್ತು. ಓಣಿಯಲ್ಲಿ ಹೇಳೋಣವೆಂದು ಹೊರಟೆ. ಹಳಬರು ಹೆಚ್ಚು ಉಳಿದಿಲ್ಲ. ಝೆರಾಕ್ಸ್ ಅಂಗಡಿಯವನಿಗೆ ಟೈಪಿಂಗ್ ಅಕ್ಕೋರು ಹೋದರಂತೆ ಎಂದೆ. ಅವನಿಗೆ ತಟ್ಟನೆ ಹೊಳೆಯಲಿಲ್ಲ. ಸ್ವಲ್ಪ ಯೋಚಿಸಿ, “ಯಾರು, ಆ ಕಣ್ಣು ಕಾಣದ ಅಕ್ಕೋರಾ?” ಎಂದು ಕೇಳಿದ.

ನಾನು ಹೌದು ಎಂದೆ. ಅವರನ್ನು ಮೊದಲು ಹಾಗೆ ಕರೆದವನು ನಾನು.