ಮೂಲಂಗಿಯ ತ್ಸುಬಾ ಮತ್ತು ನನ್ನ ಹುಣಸೆಹಣ್ಣು

ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿ ಅದು ಮೆತ್ತಗಾಗುವವರೆಗೆ ಕಾಯುವ ಹತ್ತು ನಿಮಿಷವಿದೆಯಲ್ಲ, ನನ್ನ ಮಟ್ಟಿಗೆ ಹಬ್ಬ ಶುರುವಾಗುವುದೇ ಆಗ. ತೋರಣ ಆಮೇಲೆ, ಹೋಳಿಗೆ ಇನ್ನೂ ಆಮೇಲೆ. ಮೊದಲು ದೀಪದ ಕಂಬ, ಪಂಚಪಾತ್ರೆ, ಗಂಟೆ, ಆರತಿ ತಟ್ಟೆಗಳೆಲ್ಲ ಸಿಂಕಿನ ಪಕ್ಕ ಸಾಲಾಗಿ ಕೂತು, ಹುಳಿ-ಉಪ್ಪು ಹಚ್ಚಿಸಿಕೊಂಡು, ನನ್ನ ಕೈಯಲ್ಲಿ ಫಳಫಳ ಹೊಳೆಯಬೇಕು. ಅಮೆರಿಕದ ರಾಕ್‌ವಿಲ್‌ನ ಒಂದು ಲ್ಯಾಬಿನಲ್ಲಿ ಗಾಜಿನ ಮೇಲೆ ಕಲೆ ಉಳಿಯದಂತೆ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡಾದ್ದರಿಂದ, ಕಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ನಾನು ಐವತ್ತು ವರ್ಷ ಸದ್ಗುಣವೆಂದೇ ನಂಬಿದ್ದೆ, ಹೋದ ಆಯುಧಪೂಜೆಯ ತನಕ.

ನಮ್ಮಂಥವರ ಮನೆಯ ಆಯುಧಪೂಜೆಯನ್ನು ನೀವು ನೋಡಬೇಕು. ಎರಡು ಲ್ಯಾಪ್‌ಟಾಪು, ಕಾರಿನ ಕೀ, ಮಿಕ್ಸಿ, ಮಗಳ ವಯೊಲಿನ್, ಗರಾಜಿನಿಂದ ಹಿಮ ತೆಗೆಯುವ ಸಲಿಕೆ. ಇವೆಲ್ಲ ಕುಂಕುಮ ಇಡಿಸಿಕೊಂಡು ಗಂಭೀರವಾಗಿ ಕೂತಿರುತ್ತವೆ, ಆದರೆ ಯಾವುದನ್ನು ತೋರಿಸಿದರೂ ಯಾವ ಶತ್ರುವೂ ಹೆದರುವುದಿಲ್ಲ. ಪಕ್ಕದ ಬೀದಿಯ ಡಾಕ್ಟರ್ ಅಂಕಲ್ ಹತ್ತಿರ ಇದನ್ನೇ ಹೇಳಿಕೊಂಡು ನಕ್ಕಾಗ ಅವರು, "ನಮ್ಮನೇಲಿ ಕತ್ತೀದೇ ಒಂದು ಪಾರ್ಟ್ ಇದೆ ಕಣಮ್ಮ, ತಗೊಂಡ್ ಹೋಗು. ಪೂಜೆ ಆದ್ಮೇಲೆ ವಾಪಸ್ ಕೊಡು" ಎಂದರು.

ಡಾಕ್ಟರ್ ಅಂಕಲ್ ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದು ಇಲ್ಲಿ ನೆಲೆಸಿದ ಸರ್ಜನ್. ಅವರ ನಡುಮನೆಯ ಗಾಜಿನ ಬೀರುವಿನಲ್ಲಿ ಜಪಾನಿನ ಹಳೆಯ ಕತ್ತಿಗಳ ಹನ್ನೊಂದು ತ್ಸುಬಾಗಳಿವೆ. ತ್ಸುಬಾ ಎಂದರೆ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ, ಅಂಗೈಯಗಲದ ಲೋಹದ ಬಿಲ್ಲೆ. ನಡುವೆ ಅಲಗು ತೂರುವ ಸೀಳು, ಸುತ್ತ ಚಿತ್ತಾರ. ಬಿಲ್ಲೆಗಳಿವೆ, ಕತ್ತಿ ಒಂದೂ ಇಲ್ಲ. ಯಾಕೆಂದು ಕೇಳಿದರೆ, "ಮೂವತ್ತೈದು ವರ್ಷ ಚಾಕು ಹಿಡಿದಿದ್ದು ಸಾಕಾಯ್ತು" ಎನ್ನುತ್ತಾರೆ.

ನನಗೆ ಕೊಟ್ಟ ತ್ಸುಬಾದಲ್ಲಿ ಎರಡು ಮೂಲಂಗಿಗಳಿದ್ದವು. ಹೌದು, ನಾವು ಹುಳಿಗೆ ಹಾಕುವ ಮೂಲಂಗಿ! ಸೊಪ್ಪಿನ ಸಮೇತ ಬಾಗಿ, ಒಂದರ ಬಾಲಕ್ಕೆ ಇನ್ನೊಂದರ ಎಲೆ ತಾಗುವಂತೆ, ಕಬ್ಬಿಣವನ್ನು ಕೊರೆದು ಮಾಡಿದ ದುಂಡು ಬಿಲ್ಲೆ. ಮೀಸೆ ತಿರುವುವ ಯೋಧನೊಬ್ಬ ಸೊಂಟದಲ್ಲಿ ಮೂಲಂಗಿ ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆಯುವುದನ್ನು ನೆನೆದು ನಾನು ನಗುತ್ತಿದ್ದರೆ, ಅಂಕಲ್ ಅದರ ಹಿನ್ನೆಲೆ ಹೇಳಿದರು. ಕಾಳಗಗಳು ನಿಂತು ನಾಡು ತಣ್ಣಗಾದ ಮೇಲೆ ಕತ್ತಿಗಳು ಒರೆಯಲ್ಲೇ ಉಳಿದವಂತೆ. ಹೊರಗೆ ಕಾಣುತ್ತಿದ್ದದ್ದು ಹಿಡಿ ಮತ್ತು ಈ ಬಿಲ್ಲೆ, ಹಾಗಾಗಿ ಕುಶಲಕರ್ಮಿಗಳು ತಮ್ಮ ಕಸುಬನ್ನೆಲ್ಲ ಇದರ ಮೇಲೆ ಸುರಿದರಂತೆ. ಕೊಲ್ಲುವ ಕೆಲಸ ತಪ್ಪಿದಾಗ ಮನುಷ್ಯನ ಕೈಗೆ ಹೂವು, ಹಕ್ಕಿ, ತರಕಾರಿ ನೆನಪಾಗುತ್ತವೆ ಎಂಬುದು ನನಗೆ ಬಹಳ ಖುಷಿ ಕೊಟ್ಟಿತು.

ಇನ್ನೊಂದು ಮಾತು ಅದಕ್ಕಿಂತ ಹೆಚ್ಚು ನಾಟಿತು. ಈ ಬಿಲ್ಲೆ ಇರುವುದು ವೈರಿಯ ಏಟು ತಡೆಯಲಿಕ್ಕೆ ಎಂದು ನಾನು ತಿಳಿದಿದ್ದೆ. ಅದಕ್ಕಿಂತ ಮುಖ್ಯವಾಗಿ, ಇರಿಯುವ ರಭಸದಲ್ಲಿ ನಮ್ಮ ಕೈ ಜಾರಿ ನಮ್ಮದೇ ಅಲಗಿನ ಮೇಲೆ ಹೋಗದಿರಲಿ ಎಂದು ಅದನ್ನು ಇಟ್ಟಿರುತ್ತಾರಂತೆ. ನನ್ನ ಉತ್ಸಾಹಕ್ಕೂ ಅಂಥದ್ದೊಂದು ಬಿಲ್ಲೆ ಇದ್ದಿದ್ದರೆ ಮುಂದಿನ ಕಥೆ ನಡೆಯುತ್ತಲೇ ಇರಲಿಲ್ಲ.

ಹಬ್ಬದ ಬೆಳಗ್ಗೆ ಪೂಜೆಯ ಪಾತ್ರೆಗಳ ಜೊತೆ ಅದೂ ಸಿಂಕಿನ ಪಕ್ಕ ಬಂತು. ದೇವರ ಮುಂದೆ ಇಡುವ ವಸ್ತು, ಪಾಪ ಕಪ್ಪಗೆ ಮಂಕಾಗಿದೆ, ಅಂಕಲ್‌ಗೆ ವಯಸ್ಸಾಯಿತು, ತೊಳೆಯುವವರು ಯಾರು? ಹುಣಸೆಹಣ್ಣು, ಕಲ್ಲುಪ್ಪು, ಹಸಿರು ಸ್ಕ್ರಬ್ಬರ್. ಮೂಲಂಗಿಯ ಒಂದೊಂದು ಎಲೆಯ ಸಂದಿಗೂ ಹಳೆಯ ಟೂತ್‌ಬ್ರಷ್. ಅರ್ಧ ಗಂಟೆಯಲ್ಲಿ ಬಿಲ್ಲೆ ಬೂದಿಬಿಳುಪಿಗೆ ತಿರುಗಿ, ಆಗಷ್ಟೇ ಅಂಗಡಿಯಿಂದ ತಂದ ದೋಸೆ ಕಾವಲಿಯಂತೆ ಕಂಡಿತು. ಹೆಮ್ಮೆಯಿಂದ ಮಗಳಿಗೆ ತೋರಿಸಿದೆ. ಅವಳು ಫೋನಿನಲ್ಲಿ ಏನೋ ಹುಡುಕಿ, ಕಣ್ಣರಳಿಸಿ, "ಅಮ್ಮಾ, ಇಟ್ಸ್ ಸಪೋಸ್ಡ್ ಟು ಬಿ ಬ್ಲ್ಯಾಕ್! ಆ ಬ್ಲ್ಯಾಕೇ ಇಂಪಾರ್ಟೆಂಟ್" ಎಂದಳು. ಇನ್ನೂರು ವರ್ಷ ಕೈಯಿಂದ ಕೈಗೆ ಹೋಗುತ್ತ ಕಬ್ಬಿಣದ ಮೇಲೆ ಕಟ್ಟಿದ್ದ ಕಪ್ಪನ್ನು ನಾನು ರಸಂ ಬಣ್ಣದ ನೀರಿನ ಜೊತೆ ಮೋರಿಗೆ ಕಳಿಸಿದ್ದೆ.

ಪೂಜೆ ಹೇಗೆ ಮುಗಿಯಿತೋ ತಿಳಿಯದು. ತಂದೆಯಂತಿರುವ ಮನುಷ್ಯ ನನ್ನನ್ನು ನಂಬಿ ಕೊಟ್ಟದ್ದು. ಇನ್ನು ಮೇಲೆ ಅವರ ಮನೆಯ ಬಾಗಿಲು ನನಗೆ ಮೊದಲಿನಂತೆ ತೆರೆಯುತ್ತದೆಯೋ ಇಲ್ಲವೋ ಎಂಬ ಭಯ ಹಿಡಿಯಿತು. ಮಧ್ಯಾಹ್ನವೇ ಹೋಗಿ ಅವರ ಕೈಯಲ್ಲಿಟ್ಟೆ. "ಅಯ್ಯೋ, ಏನ್ ಮಾಡ್ಬಿಟ್ಟೆಯಮ್ಮ" ಎಂದವರು ಸೋಫಾದ ಮೇಲೆ ಕೂತುಬಿಟ್ಟರು. ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಮುಖ ನೋಡಲಾಗದೆ ನಾನು ಅತ್ತೇಬಿಟ್ಟೆ.

ಅಂಕಲ್ ನಿಧಾನವಾಗಿ ಎದ್ದು, ಬೀರುವಿನಿಂದ ಎಲ್ಲಕ್ಕಿಂತ ಕಪ್ಪಾದ ತ್ಸುಬಾ ಒಂದನ್ನು ತಂದು ನನ್ನ ಮುಂದಿಟ್ಟರು.

"ಇದು ನಾನು ತಗೊಂಡ ಮೊದಲನೇದು. ನಮ್ ಶಾರದಾ ಮದುವೆಯಾಗಿ ಬಂದ ವರ್ಷ, ದೀಪಾವಳೀಗೆ ಹುಣಸೆಹಣ್ಣು ಹಾಕಿ ಇದೇ ಥರ ಬೆಳ್ಳಗೆ ಮಾಡಿದ್ಲು. ಎರಡು ದಿನ ನಾನು ಮಾತಾಡ್ಲಿಲ್ಲ."

"ಎರಡು ದಿನ ಅಲ್ಲ, ಒಂದು ವಾರ" ಎಂದು ಅಡುಗೆಮನೆಯಿಂದ ಶಾರದಾ ಆಂಟಿಯ ದನಿ ಬಂತು. "ಎಷ್ಟು ಚೆನ್ನಾಗ್ ಹೊಳೀತಿತ್ತು ಗೊತ್ತಾ? ಇವ್ರೇ ಕೂತ್ಕೊಂಡು ಮತ್ತೆ ಮಸಿ ಹಿಡಿಸಿದ್ರು!"

ನಾನು ಕಣ್ಣೊರೆಸಿಕೊಳ್ಳುತ್ತಲೇ ನಕ್ಕೆ. ಅಂಕಲ್ ಕೂಡ ನಕ್ಕರು, ಮತ್ತು ಮೂಲಂಗಿಯ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ದಿನಾ ಹತ್ತಿ ಬಟ್ಟೇಲಿ ಉಜ್ಜು, ಕೈಯಲ್ಲಿ ಹಿಡ್ಕೋ. ತಾನೇ ಕಪ್ಪಾಗತ್ತೆ. ಅರ್ಜೆಂಟ್ ಮಾಡಕ್ಕಾಗಲ್ಲ. ಆಮೇಲೆ ವಾಪಸ್ ಕೊಡು."

"ಎಷ್ಟು ದಿನ ಆಗತ್ತೆ ಅಂಕಲ್?"

"ದಿನ ಅಲ್ಲಮ್ಮ. ಹತ್ತು ವರ್ಷ."

ಅಂದಿನಿಂದ, ಗೆಳೆಯರೇ, ಕಲೆ ತೆಗೆಯುವುದೇ ಕಸುಬಾದ ನಾನು ಕಲೆ ಕಟ್ಟುತ್ತಿದ್ದೇನೆ. ಆನ್‌ಲೈನ್ ಮೀಟಿಂಗುಗಳಲ್ಲಿ ಕ್ಯಾಮೆರಾದ ಕೆಳಗೆ ನನ್ನ ಎರಡೂ ಕೈಗಳು ಮೂಲಂಗಿ ಉಜ್ಜುತ್ತಿರುತ್ತವೆ. ಅವಸರದ ಮಾತೊಂದು ಬಾಯಿಗೆ ಬಂದರೂ ಉಜ್ಜುವ ಲಯದಲ್ಲಿ ಅದು ಸ್ವಲ್ಪ ತಡವಾಗಿ, ಸ್ವಲ್ಪ ಮೆದುವಾಗಿ ಹೊರಡುತ್ತದೆ. ಇಷ್ಟು ಸಂತೋಷ ಕೊಟ್ಟ ಶಿಕ್ಷೆ ನನಗೆ ಇನ್ನೊಂದು ಸಿಕ್ಕಿಲ್ಲ. ಏಳನೆಯ ತಿಂಗಳಲ್ಲಿ ಒಂದು ಎಲೆಯ ತುದಿ ತುಸು ಕಂದಾಗಿದ್ದು ಕಂಡು, ತಡೆಯಲಾರದೆ ಓಡಿಹೋಗಿ ತೋರಿಸಿದೆ. ಅಂಕಲ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ಪರೀಕ್ಷಿಸಿ, ಪಾಸು ಮಾಡಿದವರಂತೆ ತಲೆಯಾಡಿಸಿದರು. ಅವರಿಗೀಗ ಎಂಬತ್ತೆರಡು. ಬಾಗಿಲ ತನಕ ಕಳಿಸಲು ಬಂದು, ಮೆಟ್ಟಿಲ ಮೇಲೆ ನಿಂತು ಹೇಳಿದರು:

"ತೊಂಬತ್ತೆರಡನೇ ಬರ್ತ್‌ಡೇಗೆ ಅದು ನನಗೆ ಪೂರ್ತಿ ಕಪ್ಪಗೆ ಬೇಕು. ಲೇಟ್ ಮಾಡ್ಬೇಡ."