ಆಲೆಮನೆಯಲ್ಲಿ ಕರಟ ಹಿಡಿದ ಮೇಷ್ಟ್ರು

ಪಾಂಡವಪುರ ದಾಟುತ್ತಲೇ ಬಸ್ಸಿನ ಕಿಟಕಿಯಿಂದ ಬೆಲ್ಲ ಕಾಯುವ ವಾಸನೆ ನುಗ್ಗಿತು. ಬೇರೆಯವರಿಗೆ ಬಾಯಲ್ಲಿ ನೀರೂರುವ ವಾಸನೆ. ನನಗೆ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ನೆನಪಾದರು; ಕಿಟಕಿ ಮುಚ್ಚಿದೆ.

ತೊಂಬತ್ತರ ದಶಕದ ಆರಂಭ. ಸಂತೆಬಾಚಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ನಾನು ಒಂಬತ್ತನೇ ಕ್ಲಾಸು. ಮೇಷ್ಟ್ರು ಶ್ರೀರಂಗಪಟ್ಟಣದವರು, ದೇವಸ್ಥಾನದ ಅರ್ಚಕರ ಮನೆತನ. ಸಂವಿಧಾನದ ಹಕ್ಕುಗಳ ಪಾಠ ಬಂದಾಗ, "ನಿಮ್ಮೂರಲ್ಲಿ ಎಲ್ಲರಿಗೂ ಒಂದೇ ಥರ ನಡೆಯೋ ಜಾಗ ಯಾವುದಿದೆ, ಹೇಳ್ರೋ" ಅಂದರು. ನಾನು ಎದ್ದು ನಿಂತೆ.

"ನಮ್ಮ ಆಲೆಮನೆ ಸಾ. ಯಾರ್ ಬಂದ್ರೂವೆ ಕಬ್ಬಿನಾಲು ಕೊಡ್ತೀವಿ, ಇಲ್ಲ ಅನ್ನಕಿಲ್ಲ."

ಅದು ನಿಜವೂ ಹೌದು. ಬೆಲ್ಲ ಮಾಡುವ ದಿನ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮೇಷ್ಟ್ರಿಗೆ ಖುಷಿಯೋ ಖುಷಿ. ಶನಿವಾರ ಇಡೀ ಕ್ಲಾಸನ್ನು ಕಟ್ಟಿಕೊಂಡು ನಮ್ಮ ಆಲೆಮನೆಗೆ ಹೊರಟರು.

ಅಪ್ಪ ಲೋಟ ಜೋಡಿಸಿದ. ನಾವು ಕೈ ಚಾಚುವಷ್ಟರಲ್ಲಿ, ಊರಾಚೆಯ ಕೇರಿಯಿಂದ ಶಾಲೆಗೆ ಬರುತ್ತಿದ್ದ ನಮ್ಮ ಕ್ಲಾಸಿನ ಹುಡುಗಿ ಯಾರೂ ಹೇಳದೆ ಹಿಂದಕ್ಕೆ ಹೋದಳು. ಸೂರಿನಡಿ ಸಿಕ್ಕಿಸಿದ್ದ ತೆಂಗಿನ ಕರಟ ತೆಗೆದುಕೊಂಡು ದೂರ ನಿಂತಳು. ಅಲ್ಲೊಂದು ಕರಟವಿದೆಯೆಂದು ನನಗೇ ಗೊತ್ತಿರಲಿಲ್ಲ... ಕಂಡೂ ನೋಡಿರಲಿಲ್ಲವೋ ಏನೋ.

ಮೇಷ್ಟ್ರು ತಮ್ಮ ಲೋಟ ಅವಳಿಗೆ ಕೊಟ್ಟು, ಅವಳ ಕರಟವನ್ನು ಅಪ್ಪನತ್ತ ಚಾಚಿದರು. "ನನಗೆ ಇದಕ್ಕೆ ಹಾಕಿ ಗೌಡ್ರೇ."

"ನಿಮ್ಮಂತೋರು ಅದ್ರಲ್ಲಿ ಕುಡೀಬೋದಾ? ಮಕ್ಕಳ ಮುಂದೆ ನಮ್ ಮರ್ವಾದೆ ತಗೀಬ್ಯಾಡಿ ಮೇಷ್ಟ್ರೇ." ಅಪ್ಪ ಇಬ್ಬರಿಗೂ ಹಾಕಲಿಲ್ಲ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳಪ್ಪ." ನಾನು ತಲೆ ತಗ್ಗಿಸಿದೆ. ಥೂ, ಒಂದು ಮಾತಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮೇಷ್ಟ್ರು ಮಕ್ಕಳನ್ನು ಕೆಡಿಸುತ್ತಿದ್ದಾರೆಂದು ಆ ವಾರವೇ ಮೇಲಧಿಕಾರಿಗಳಿಗೆ ಊರಿನವರ ಅರ್ಜಿ ಹೋಯಿತು. ಅಪ್ಪ ಹೇಳುತ್ತಾ ಹೋದ, ಬರೆದವನು ನಾನು. ನನ್ನ ಅಕ್ಷರ ಚೆನ್ನಾಗಿತ್ತಲ್ಲ. ಅರ್ಜಿಯನ್ನು ಮೇಷ್ಟ್ರಿಗೆ ತೋರಿಸಿದ್ದರೆ, ಅದು ಯಾರ ಕೈಬರಹವೆಂದು ತಿಳಿದೇ ಇರುತ್ತದೆ... ಹುಡುಗಿ ಶಾಲೆ ಬಿಟ್ಟಳು. ತಿಂಗಳೊಳಗೆ ಮೇಷ್ಟ್ರಿಗೆ ನಾಗಮಂಗಲದ ಕಡೆಗೆ ವರ್ಗವಾಯಿತು.

ಒಂದು ದಿನ ಹೋಗಿ ಕಾಲು ಹಿಡಿಯಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಹೋದ ತಿಂಗಳು ಮದುವೆಯೊಂದರಲ್ಲಿ ನಾಗಮಂಗಲದ ಹೆಂಗಸೊಬ್ಬರು ಸಿಕ್ಕರು, ಅಲ್ಲಿ ಮೇಷ್ಟ್ರ ಹತ್ತಿರ ಓದಿದವರು. ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತಂತೆ. ಹಕ್ಕುಗಳ ಪಾಠ ಹೇಗೆ ಮಾಡುತ್ತಿದ್ದರು ಎಂದು ಕೇಳಿದೆ.

"ಆ ಪಾಠನಾ? ಅದನ್ನ ನೀವೇ ಓದ್ಕಳಿ ಅಂದ್ಬುಟ್ಟು ಮುಂದಿನ ಪಾಠಕ್ಕೆ ಓಗೋರು."